ಗುಂಡಗಡಗಿ ಯಾರದು

ಮರೋಳ, ಮುಂಬೈ
18 ನವೆಂಬರ್ 2024

ಅಕ್ಕನಿಗೆ ಅನೀಲಕುಮಾರನ ಶರಣು.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ಫೋನ್ ಮಾಡಬೇಡ. ಖೋಲಿಯಲ್ಲಿ ಒಬ್ಬರ ಮೈಗೆ ಒಬ್ಬರು ಹತ್ತಿ ಮಲಗುತ್ತೇವೆ, ಪಿಸುಮಾತೂ ಎಲ್ಲರಿಗೂ ಕೇಳುತ್ತದೆ. ಮೇಲಾಗಿ ಯಾರೋ ಒಬ್ಬ ವಿಮಾನದ ಹತ್ತಿರ ನಿಂತು ವಿಡಿಯೋ ಮಾಡಿ ಹಾಕಿದಾಗಿನಿಂದ ನಮ್ಮ ಸೂಪರ್‌ವೈಸರ್ ಗುರುಶಾಂತ ಎಲ್ಲರ ಫೋನ್ ಇಸಿದುಕೊಂಡು ತೆರೆದು ನೋಡುತ್ತಾನೆ. ಅದಕ್ಕೇ ಕರೀಮಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಬಸ್ಸು ಘತ್ತರಗಿಯಲ್ಲಿ ನಿನ್ನ ಖಾನಾವಳಿಯ ಮುಂದೆಯೇ ನಿಲ್ಲುತ್ತದೆ, ಕಾಗದ ಬೇರೆಯವರ ಕೈಗೆ ಹೋಗುವುದಿಲ್ಲ.

ಅಕ್ಕ, ನನ್ನ ಗುಂಡಗಡಗಿ ಕಳೆದಿದೆ. ಬೆಳ್ಳಿಯ ಕಾಯಿ, ಒಳಗಿನ ಇಷ್ಟಲಿಂಗ, ಲಿಂಗಕ್ಕೆ ಸುತ್ತಿದ್ದ ನಿನ್ನ ಹಸಿರು ಸೀರೆಯ ಚೂರು, ಎಲ್ಲ ಹೋಯಿತು. ಪಾಳಿ ಮುಗಿಸಿ ಬಂದು ಜಳಕಕ್ಕೆಂದು ಬನಿಯನ್ ತೆಗೆದರೆ ಕೊರಳಲ್ಲಿ ಬರೀ ದಾರದ ತುಂಡು ಜೋತಾಡುತ್ತಿತ್ತು.

ನನ್ನ ಕೆಲಸ ಏನೆಂದು ನಿನಗೆ ಪೂರ್ತಿ ಹೇಳಿಲ್ಲ. ಏರ್‌ಪೋರ್ಟಿನಲ್ಲಿ ಇದ್ದೇನೆ ಎಂದಿದ್ದೆ, ನೀನು ಊಟಕ್ಕೆ ಬಂದ ಭಕ್ತರಿಗೆಲ್ಲ "ನಮ್ಮ ತಮ್ಮ ವಿಮಾನದಾಗ ಅದಾನ" ಎಂದು ಸಾರಿದೆ. ಸುಳ್ಳಲ್ಲ, ವಿಮಾನದಲ್ಲೇ ಇದ್ದೇನೆ, ಆದರೆ ಅದರ ಹೊಟ್ಟೆಯಲ್ಲಿ. ಜನ ಕೂಡುವ ಜಾಗದ ಕೆಳಗೆ ಅವರ ಪೆಟ್ಟಿಗೆಗಳನ್ನು ತುಂಬುವ ಒಂದು ಕೋಣೆ ಇರುತ್ತದೆ. ಅಲ್ಲಿ ನೆಟ್ಟಗೆ ನಿಲ್ಲಲಾಗುವುದಿಲ್ಲ. ಮೊಣಕಾಲೂರಿ, ಅಂಬೆಗಾಲಿಟ್ಟು ಪೆಟ್ಟಿಗೆ ಎಳೆದು ಒಟ್ಟಬೇಕು. ನಮ್ಮ ಗುಂಪಿನಲ್ಲಿ ಒಳಗೆ ಹೋಗುವವರು ನಾನು ಮತ್ತು ಜೇವರ್ಗಿ ಕಡೆಯ ಕೊಳಕೂರದ ಮೆಹಬೂಬ. ಉಳಿದವರು ಕೆಳಗೆ ನಿಂತು ಸಾಮಾನನ್ನು ಮೇಲಕ್ಕೆ ಒಯ್ಯುವ ಓಡುವ ಪಟ್ಟಿಯ ಮೇಲೆ ಇಡುತ್ತಾರೆ.

ಒಳಗೆ ಹೋಗುವವನ ಮೈಮೇಲೆ ಉಂಗುರ, ಸರ, ದಾರ ಏನೂ ಇರಬಾರದು ಎಂದು ನಿಯಮ. ಹಿರೋಳ್ಳಿಯ ಚಂದ್ರಾಮ ಕಾಕಾ ವಿಮಾನ ಕಂಪನಿಯ ಕಾಯಂ ನೌಕರನಾಗಿದ್ದಾಗ ಪ್ರತಿಯೊಬ್ಬನಿಗೂ ಕೀಲಿ ಹಾಕುವ ಕಪಾಟು ಇತ್ತಂತೆ. ಅವನು ತನ್ನ ಗುಂಡಗಡಗಿಯನ್ನು ಮಡಿ ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಆಮೇಲೆ ಕಂಪನಿ ಆ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿತು. ಕಾಯಂ ಜನರನ್ನು ಮನೆಗೆ ಕಳಿಸಿ, ಅವರಲ್ಲೊಬ್ಬರ ಪಗಾರದಲ್ಲಿ ನಮ್ಮಂಥ ಹಲವರನ್ನು ತಂದರು. ಚಂದ್ರಾಮ ಕಾಕಾನೂ ಈಗ ಬೇರೆ ಬಣ್ಣದ ಅಂಗಿ ತೊಟ್ಟು ನಮ್ಮ ಜೊತೆಗೇ ಗುತ್ತಿಗೆಯಲ್ಲಿ ದುಡಿಯುತ್ತಾನೆ. ಕಪಾಟು ಹೋಯಿತು. ನಮ್ಮ ಚೀಲಗಳು ಗೋಡೆಯ ಮೊಳೆಗೆ ತೂಗುತ್ತವೆ, ಯಾರು ಬೇಕಾದರೂ ಕೈ ಹಾಕಬಹುದು. ಲಿಂಗವನ್ನು ಅಲ್ಲಿ ಹೇಗೆ ಬಿಡಲಿ? ಮೈಮೇಲಿಂದ ತೆಗೆದರೆ ನನ್ನ ಆಣೆ ಎಂದು ನೀನು ಬೇರೆ ಹೇಳಿದ್ದೆ. ಬನಿಯನ್ ಒಳಗೆ ಪಿನ್ನು ಹಾಕಿ ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ.

ಎಲ್ಲಿ ಬಿತ್ತು ಗೊತ್ತಿಲ್ಲ. ವಿಮಾನದ ಹೊಟ್ಟೆಯಲ್ಲಿ ಬಿದ್ದಿರಬಹುದು. ಕೆಳಗೆ ನೆಲದ ಮೇಲೆ ಬಿದ್ದಿರಬಹುದು. ನೆಲದ ಮೇಲೆ ಒಂದು ಮೊಳೆ ಬಿದ್ದಿದ್ದರೂ ಇಂಜಿನ್ನು ಅದನ್ನು ಒಳಗೆ ಎಳೆದುಕೊಂಡು ಮುರಿಯುತ್ತದೆ ಎಂದು ಕೆಲಸದ ಮೊದಲ ದಿನವೇ ನಮಗೆ ಕಲಿಸಿದ್ದಾರೆ. ಮೇಲೆ ಜನ ಕೂತಿರುತ್ತಾರೆ ಅಕ್ಕ, ಮಕ್ಕಳಿರುತ್ತಾರೆ. ನಮ್ಮ ಖೋಲಿಯ ತಗಡಿನ ಮೇಲೇ ವಿಮಾನಗಳು ಹಾದುಹೋಗುತ್ತವೆ. ಮೊದಲು ಸದ್ದೇ ಕೇಳಿಸುತ್ತಿರಲಿಲ್ಲ, ಈಗ ಒಂದೊಂದು ಹೋದಾಗಲೂ ಉಸಿರು ಹಿಡಿದು ಕೂಡುತ್ತೇನೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಒಳಗೆ ಬಿಡುವ ಪಾಸು ಕಿತ್ತುಕೊಳ್ಳುತ್ತಾರೆ. ಏನು ಮಾಡಲಿ, ಬೇಗ ಬರೆ.

ನಿನ್ನ ತಮ್ಮ
ಅನೀಲ


ಘತ್ತರಗಿ
21 ನವೆಂಬರ್ 2024

ತಮ್ಮ ಅನೀಲನಿಗೆ ಶಿವಕಾಂತಾಳ ಆಶೀರ್ವಾದ.

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಲಿಂಗದ ಹೆಸರು ಬರೆದ ಕಾಗದವನ್ನು ಒಲೆಗೆ ಹಾಕು ಎನ್ನುತ್ತೀಯಲ್ಲ, ಮುಂಬೈಗೆ ಹೋಗಿ ಬುದ್ಧಿಯನ್ನೂ ಕಳೆದುಕೊಂಡೆಯಾ? ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಇಟ್ಟಿದ್ದೇನೆ.

ಮೊದಲು ಇದನ್ನು ಹೇಳು. ಊಟ ಮಾಡಿದೆಯಾ? ನಮ್ಮ ಮನೆತನದಲ್ಲಿ ಕೊರಳಲ್ಲಿ ಲಿಂಗವಿಲ್ಲದೆ ನೀರು ಮುಟ್ಟಿದವರಿಲ್ಲ. ಅಮ್ಮನ ಅವ್ವ ಭೀಮೆಯಲ್ಲಿ ಬಟ್ಟೆ ಒಗೆಯುವಾಗ ಲಿಂಗ ಕಳೆದುಕೊಂಡು, ಸ್ವಾಮಿಗಳು ಬಂದು ಬೇರೆ ಕಟ್ಟುವವರೆಗೆ ಕಟ್ಟೆಯ ಮೇಲೆ ಉಪವಾಸ ಕೂತಿದ್ದಳು. ಲಿಂಗ ಹೋದರೆ ಅಂಗವೂ ಹೋದಂತೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ನೀನು ನೋಡಿದರೆ ಇಂಜಿನ್ನು, ನೆಲ, ಮೊಳೆ ಎಂದು ಬರೆದಿದ್ದೀ. ಅಷ್ಟು ದೊಡ್ಡ ವಿಮಾನಕ್ಕೆ ನಿಂಬೆಹಣ್ಣಿನಷ್ಟು ಗುಂಡಗಡಗಿ ಏನು ಮಾಡೀತು? ನನಗೆ ಅಂಜಿಕೆ ವಿಮಾನದ್ದಲ್ಲ, ನಿನ್ನದು.

ಒಂದು ಮಾತು ಯೋಚನೆ ಮಾಡು. ಅದು ಬೆಳ್ಳಿ. ಖೋಲಿ ತುಂಬ ಜನ ಎನ್ನುತ್ತೀ. ಜಳಕಕ್ಕೆ ಹೋದಾಗ ಯಾರಾದರೂ ಕತ್ತರಿಸಿಕೊಂಡಿರಬಹುದು. ಮೆಹಬೂಬನ ಮೇಲೆ ನನಗೆ ಅನುಮಾನವಿಲ್ಲ. ಅವನ ಅಪ್ಪ ಅಮೀರ ಪ್ರತಿ ಅಮಾವಾಸ್ಯೆಗೆ ಚುರುಮುರಿ ಮಾರಲು ಬಂದು ನಮ್ಮ ಕಟ್ಟೆಯ ಮೇಲೇ ಚೀಲ ಇಳಿಸುತ್ತಾನೆ, ಆ ಹುಡುಗ ಸಣ್ಣವನಿದ್ದಾಗ ನಮ್ಮ ಒಲೆಯ ಮುಂದೆಯೇ ಕೂತು ರೊಟ್ಟಿ ತಿಂದಿದ್ದಾನೆ. ಆದರೂ ಯಾರ ಹೊಟ್ಟೆಯಲ್ಲಿ ಏನಿದೆಯೋ.

ಈ ವಾರ ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳುತ್ತೇನೆ. ನೀನು ಯಾರ ಮುಂದೆಯೂ ಬಾಯಿ ಬಿಡಬೇಡ. ಲಿಂಗ ಕಳೆದುಕೊಂಡವನು ಎಂದು ನಿನಗೆ ಹೆಸರು ಬಂದರೆ ನಾಳೆ ಹೆಣ್ಣು ಕೊಡುವವರು ಯಾರು? ಹಾಲು, ಹಣ್ಣು ತೆಗೆದುಕೊ. ಅನ್ನ ಬೇಡ.

ನಿನ್ನ ಅಕ್ಕ
ಶಿವಕಾಂತಾ


ಮರೋಳ, ಮುಂಬೈ
25 ನವೆಂಬರ್ 2024

ಅಕ್ಕನಿಗೆ ಶರಣು.

ಗುಂಡಗಡಗಿ ಸಿಕ್ಕಿದೆ. ಸಂತೋಷಪಡಬೇಡ, ಪೂರ್ತಿ ಓದು.

ಬೇರೆ ಊರಿನಲ್ಲಿ ವಿಮಾನದ ಹೊಟ್ಟೆಯನ್ನು ಸ್ವಚ್ಛ ಮಾಡುವಾಗ ನೆಲದ ಸಂದಿಯಲ್ಲಿ ಸಿಕ್ಕಿತಂತೆ. ನಮ್ಮ ಕಡೆಯವರು ಯಾರೂ ಅಲ್ಲಿರಲಿಲ್ಲ. ಮುಚ್ಚಿದ ಲೋಹದ ಕಾಯಿ, ಅಲ್ಲಾಡಿಸಿದರೆ ಒಳಗೆ ಏನೋ ಇದೆ. ವಿಮಾನ ಹತ್ತಿದ್ದ ಜನರನ್ನೆಲ್ಲ ಇಳಿಸಿ, ಬಾಂಬು ನೋಡುವವರನ್ನು ಕರೆಸಿದರಂತೆ. ತೆರೆದರೆ ಬಟ್ಟೆ, ಬಟ್ಟೆಯೊಳಗೆ ಕರಿ ಉಂಡೆ. ಅದು ಏನೆಂದು ಅವರಿಗೆ ತಿಳಿಯಲಿಲ್ಲ. ಪರೀಕ್ಷೆಗೆ ಕಳಿಸಿದ್ದಾರೆ. ನನ್ನ ಲಿಂಗವನ್ನು ಕೆರೆದು ನೋಡುತ್ತಿದ್ದಾರೆ ಅಕ್ಕ.

ನಿನ್ನೆ ಆ ವಿಮಾನಕ್ಕೆ ಕೈ ಹಚ್ಚಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಭದ್ರತೆಯ ಸಾಹೇಬರು ಫೋನಿನಲ್ಲಿ ಫೋಟೋ ತೋರಿಸುತ್ತ ಒಬ್ಬೊಬ್ಬರ ಮುಂದೆ ಬಂದು ಹಿಂದಿಯಲ್ಲಿ ಕೇಳಿದರು, ಈ ತಾಯಿತ ಯಾರದು? ತಾಯಿತ ಅಂದರು. ನಾನು ಫೋಟೋ ನೋಡಿದೆ. ನಿನ್ನ ಸೀರೆಯ ಹಸಿರು, ಕೆಂಪು ಅಂಚು, ಎಲ್ಲ ಕಂಡಿತು. ಗೊತ್ತಿಲ್ಲ ಎಂದು ತಲೆಯಾಡಿಸಿದೆ. ನಾನು ಆಡಿಸಿದ್ದಲ್ಲ, ತಲೆ ತಾನೇ ಆಡಿತು.

ಸಾಹೇಬರು ನಮ್ಮ ಪಾಸಿನ ಮೇಲಿನ ಹೆಸರುಗಳನ್ನು ಓದುತ್ತ ಬಂದರು. ಮೆಹಬೂಬನ ಹೆಸರಿನ ಮೇಲೆ ಕಣ್ಣು ನಿಂತಿತು. ತಾಯಿತ ಎಂದ ಮೇಲೆ ಅವರ ಲೆಕ್ಕ ಸರಿಯಾಯಿತು. ಫೋಟೋವನ್ನು ಅವನ ಮೂಗಿನ ಹತ್ತಿರ ಹಿಡಿದು ನಿನ್ನದೇನು ಎಂದರು. ಅವನು ನೋಡಿದ. ಆಮೇಲೆ ಒಂದೇ ಸಲ ನನ್ನ ಕಡೆ ನೋಡಿದ. ನನ್ನದಲ್ಲ ಎಂದ. ಮತ್ತೆ ಯಾರದು ಎಂದು ಕೇಳಿದಾಗ ಸುಮ್ಮನಾದ. ಅವನನ್ನು ಕರೆದುಕೊಂಡು ಹೋದರು. ಅಲ್ಲಿಂದ ಬಂದಿಲ್ಲ. ಅವನ ಫೋನ್ ಬಂದ್ ಆಗಿದೆ. ಅವನ ಚಾದರ ನನ್ನ ಪಕ್ಕದಲ್ಲಿ ಮಡಚಿದ್ದು ಮಡಚಿದಂತೇ ಇದೆ.

ಅವನಿಗೆ ಅದು ಏನೆಂದು ಗೊತ್ತಿತ್ತು. ಯಾರದೆಂದೂ ಗೊತ್ತಿತ್ತು. ನಮ್ಮ ಊರ ಕಡೆ ಗುಂಡಗಡಗಿ ಗೊತ್ತಿಲ್ಲದವರು ಯಾರು? ನಿನ್ನ ಹಿಂದಿನ ಕಾಗದದಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆಯೋ ಎಂದು ಬರೆದಿದ್ದೆ. ಆ ಸಾಲು ಓದಿದಾಗಿನಿಂದ ನನಗೆ ಹಾಲೂ ಇಳಿಯುತ್ತಿಲ್ಲ.

ಹೇಳಿಬಿಡಲೇ?

ಅನೀಲ


ಘತ್ತರಗಿ
27 ನವೆಂಬರ್ 2024

ಅನೀಲ,

ಹೇಳಬೇಡ.

ಅಕ್ಷರ ಸೊಟ್ಟ ಬಿದ್ದಿವೆ, ಕೂಡಿಸಿಕೊಂಡು ಓದು. ಬಾಂಬು ಎಂಬ ಶಬ್ದ ಓದಿದ ಮೇಲೆ ರೊಟ್ಟಿ ತಟ್ಟಲು ಆಗಲಿಲ್ಲ. ನಾವು ಯಾವ ಪೊಲೀಸರ ಮೆಟ್ಟಿಲನ್ನೂ ಹತ್ತಿದವರಲ್ಲ. ನೀನು ಹೋಗಿ ನನ್ನದು ಎಂದರೆ, ಮೊದಲೇಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಆಗ ಏನು ಹೇಳುತ್ತೀ? ಒಮ್ಮೆ ಸುಳ್ಳು ಹೇಳಿದವನ ಮಾತನ್ನು ಯಾರು ನಂಬುತ್ತಾರೆ? ಮೆಹಬೂಬನದಲ್ಲ ಎಂದ ಮೇಲೆ ಅವರೇ ಪರೀಕ್ಷೆ ಮಾಡಿ, ಬರೀ ವಿಭೂತಿ, ಲಿಂಗಕ್ಕೆ ಬಳಿದ ಕರಿ ಕಂತಿ, ಕಲ್ಲು ಎಂದು ತಿಳಿದು ಬಿಟ್ಟುಬಿಡುತ್ತಾರೆ. ನಾಲ್ಕು ದಿನ ತಡೆ.

ನಿನಗೆ ಹೇಳದ ಒಂದು ಮಾತಿದೆ. ದೀಪಾವಳಿಗೆ ನೀನು ಬಂದಾಗ ನಿನ್ನ ಶಿವದಾರ ಹಳತಾಗಿತ್ತು. ಮಠದಿಂದ ಹೊಸದು ತರುತ್ತೇನೆ ಎಂದಿದ್ದೆ. ಊಟಕ್ಕೆ ಜನ ಮುಗಿಬಿದ್ದಿದ್ದರು, ಹೋಗಲಾಗಲಿಲ್ಲ. ಹೂವು ಕಟ್ಟುವ ದಾರವನ್ನೇ ನಾಲ್ಕು ಎಳೆ ಮಾಡಿ ಹೊಸೆದು, ಮಠದ್ದೇ ಎಂದು ಹೇಳಿ ಕಟ್ಟಿದೆ. ಹರಿದದ್ದು ಆ ದಾರ. ನಿನ್ನನ್ನು ಈ ಬಲೆಗೆ ನೂಕಿದವಳು ನಾನೇ, ಹೀಗಾಗಿ ಇದರಿಂದ ಹೊರಗೆ ತೆಗೆಯುವುದೂ ನನ್ನ ಪಾಲಿನ ಕೆಲಸ. ನಾನು ಹೇಳಿದಂತೆ ಕೇಳು.

ಅಮೀರ ನಿನ್ನೆ ಬಂದಿದ್ದ. ಅಮಾವಾಸ್ಯೆಗೆ ಇನ್ನೂ ನಾಲ್ಕೈದು ದಿನ ಇರುವಾಗ ಚೀಲವಿಲ್ಲದೆ ಬಂದದ್ದು ಇದೇ ಮೊದಲು. "ತಂಗಿ, ಹುಡುಗನ ಫೋನ್ ಹತ್ತವಲ್ದು. ಅನೀಲಪ್ಪ ಏನರ ಅಂದಾನೇನು?" ಎಂದು ಕೇಳಿದ. ಎಲ್ಲ ಬರೋಬರಿ ಇದ್ದಾರೆ, ಕೆಲಸದ ಗದ್ದಲ ಎಂದೆ. ಚಹಾ ಕೊಟ್ಟೆ. ಅವನು ಕುಡಿದು, ಕಪ್ಪು ತೊಳೆದಿಟ್ಟು ಹೋದ. ಕಪ್ಪು ತೊಳೆಯಬೇಡ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವುದಿಲ್ಲ.

ಬಾಯಿ ಮುಚ್ಚಿಕೊಂಡಿರು. ನನ್ನ ಆಣೆ.

ಶಿವಕಾಂತಾ


ಮರೋಳ, ಮುಂಬೈ
2 ಡಿಸೆಂಬರ್ 2024

ಅಕ್ಕ,

ನಿನ್ನ ಆಣೆಗೆ ಎರಡು ದಿನ ಕಟ್ಟುಬಿದ್ದೆ. ಅದಕ್ಕಿಂತ ಹೆಚ್ಚು ಆಗಲಿಲ್ಲ. ದಾರದ ಮಾತು ಬಿಡು, ಮಠದ ದಾರವಾಗಿದ್ದರೂ ಆ ಸಂದಿಯಲ್ಲಿ ತೆವಳಿದರೆ ಹರಿಯುತ್ತಿತ್ತು.

ಮೆಹಬೂಬನನ್ನು ಇನ್ನೂ ಬಿಟ್ಟಿಲ್ಲ. ಊರಿನಲ್ಲಿ ಯಾರು ಯಾರು ಗೊತ್ತು, ಯಾರು ಕಳಿಸಿದರು ಎಂದು ಕೇಳುತ್ತಿದ್ದಾರಂತೆ. ಚುರುಮುರಿ ಮಾರುವವನ ಮಗನನ್ನು ಯಾರು ಕಳಿಸುತ್ತಾರೆ?

ಹೇಳಲು ಹೋದೆ. ಹೇಳಿಸಿಕೊಳ್ಳುವವರೇ ಸಿಗಲಿಲ್ಲ ಎಂದರೆ ನಂಬುತ್ತೀಯಾ?

ಮೊದಲು ಗುರುಶಾಂತನ ಹತ್ತಿರ ಹೋದೆ. ಆಳಂದದವನು, ನಮ್ಮವನೇ, ನಮ್ಮನ್ನೆಲ್ಲ ಊರಿಂದ ಕರೆತಂದವನು. ಬಾಗಿಲು ಹಾಕಿ, ಸರ್ ಅದು ನನ್ನ ಗುಂಡಗಡಗಿ ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಫೋಟೋ ನೋಡಿದ ಕೂಡ್ಲೇ ಗೊತ್ತಾತು ನನಗ. ನನ್ನ ಕೊರಳಾಗೂ ಒಂದು ಐತೆಲ್ಲ," ಎಂದ.

ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಎಲ್ಲಾರ ಕೊರಳು ತಡವತಾರ. ತಪಾಸಣಿ ಮಾಡದ ಒಳಗ ಬಿಟ್ಟೀ ಅಂತ ನನ್ನ ಕೇಳ್ತಾರ. ಗುತ್ತಿಗಿ ಹೋಗ್ತೈತಿ. ಒಬ್ಬನ ಮ್ಯಾಲ ಹೋಗಾಕತ್ತೈತಿ, ಹೋಗ್ಲಿ ಬಿಡು. ನೀ ಡ್ಯೂಟಿಗೆ ನಡಿ."

ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೊರಗೆ ಕಳಿಸಿದ. ಬೈದಿದ್ದರೆ ಇಷ್ಟು ಅಂಜುತ್ತಿರಲಿಲ್ಲ.

ಆಮೇಲೆ ವಿಮಾನ ಕಂಪನಿಯ ಕಚೇರಿಗೆ ಹೋದೆ. ಅಲ್ಲಿನ ಹುಡುಗಿ ನನ್ನ ಪಾಸು ನೋಡಿ, ನೀವು ನಮ್ಮ ನೌಕರರಲ್ಲ, ನಿಮ್ಮ ಗುತ್ತಿಗೆ ಕಂಪನಿಗೆ ಹೇಳಿ ಎಂದಳು. ನಾನು ಹಗಲಿಡೀ ಅವರದೇ ವಿಮಾನದ ಹೊಟ್ಟೆಯಲ್ಲಿ ಇರುತ್ತೇನೆ, ಆದರೂ ಅವರವನಲ್ಲ. ಪಾಸಿನ ಮೇಲಿದ್ದ ಗುತ್ತಿಗೆ ಕಂಪನಿಯ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲೊಬ್ಬರು ಕಂಪ್ಯೂಟರ್ ನೋಡಿ, ನಾವು ಜನ ಇಡುವುದಿಲ್ಲ, ಜನ ಪೂರೈಸುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ, ಅವರನ್ನು ಕೇಳಿ ಎಂದು ಚೀಟಿಯಲ್ಲಿ ಒಂದು ಫೋನ್ ನಂಬರ್ ಬರೆದುಕೊಟ್ಟರು. ಹೊರಗೆ ಬಂದು ಹಚ್ಚಿದೆ. ಆ ಕಡೆಯಿಂದ ಎತ್ತಿದವನು ಗುರುಶಾಂತ. "ಮತ್ತ ಯಾಕ ತಿರುಗಾಕತ್ತೀಲೇ?" ಎಂದ.

ಚಂದ್ರಾಮ ಕಾಕಾಗೆ ಹೇಳಿದೆ. ಅವನು ಕೈಗವಸು ತಿರುವುತ್ತ ಕೂತಿದ್ದ. "ಮೊದಲ ತಪ್ಪು ಮಾಡಿದ್ರ ಬೈಯಾಕ ಒಬ್ಬ ಸಾಹೇಬ ಇದ್ದ. ಬೈದು, ಬರಸ್ಕೊಂಡು, ಕೆಲಸಕ್ಕ ಹಚ್ಚತಿದ್ದ. ಈಗ ಬೈಯಾವ್ರೂ ಇಲ್ಲ ತಮ್ಮಾ," ಎಂದ.

ಇನ್ನು ಉಳಿದವರು ಬಂದೂಕು ಹಿಡಿದ ಭದ್ರತೆಯವರು. ಅವರ ಬಾಗಿಲ ತನಕ ಹೋದೆ. ಒಳಗಿನಿಂದ ಯಾರೋ ಜೋರಾಗಿ ಮೇಜು ಬಡಿದ ಸದ್ದು ಕೇಳಿತು.  ತಿರುಗಿ ಬಂದು ಪೆಟ್ಟಿಗೆ ಎತ್ತಿದೆ. ಮೆಹಬೂಬನ ಜಾಗದಲ್ಲಿ ಆಗಲೇ ಹೊಸಬನೊಬ್ಬ ಬಂದಿದ್ದ.

ಅನೀಲ


ಘತ್ತರಗಿ
3 ಡಿಸೆಂಬರ್ 2024

ತಮ್ಮ,

ಕರೀಮಸಾಬ ಇನ್ನೂ ಬಂದಿಲ್ಲ, ನಿನ್ನಿಂದ ಏನು ಬಂದಿದೆಯೋ ತಿಳಿಯದು. ಅವನು ಬರುವಷ್ಟರಲ್ಲಿ ಬರೆದಿಡುತ್ತೇನೆ.

ಅಮಾವಾಸ್ಯೆ ಮುಗಿಯಿತು. ಭಾಗ್ಯವಂತಿ ತಾಯಿಯ ಗುಡಿಗೆ ಇರುವೆ ಸಾಲಿನ ಹಾಗೆ ಜನ. ನಮ್ಮ ಖಾನಾವಳಿಯಲ್ಲಿ ಕೂಡಲು ಜಾಗವಿರಲಿಲ್ಲ. ಅಮೀರ ಚೀಲ ಇಳಿಸಿ ಅದರ ಬಾಯಿ ಬಿಚ್ಚಿಟ್ಟ, ಆದರೆ ಯಾರನ್ನೂ ಕೂಗಿ ಕರೆಯಲಿಲ್ಲ. ಚೀಲದ ಪಕ್ಕ ಕುಕ್ಕುರುಗಾಲಲ್ಲಿ ಕೂತೇ ಇದ್ದ. ನಾನು ಒಳಗಿನಿಂದ ನೋಡಿದೆ, ಹೊರಗಿನಿಂದ ನೋಡಿದೆ, ನೋಡದಂತೆ ನೋಡಿದೆ. ಕೊಳಕೂರಕ್ಕೆ ಪೊಲೀಸರು ಬಂದು ಹೋಗಿದ್ದಾರೆ ಎಂದು ಊಟಕ್ಕೆ ಕೂತವರು ಮಾತಾಡಿಕೊಂಡರು. ಅವನ ಮನೆಯ ಟ್ರಂಕು ತೆಗೆಸಿ, ಚುರುಮುರಿ ಹುರಿಯುವ ಒಲೆಯ ಬೂದಿ ಕೆದರಿ ನೋಡಿದ್ದಾರೆ. ಒಬ್ಬ ಭಕ್ತ ರೊಟ್ಟಿ ಮುರಿಯುತ್ತ, ಅವನ ಹತ್ತಿರ ಚುರುಮುರಿ ತೆಗೆದುಕೊಳ್ಳಬೇಡಿರಿ, ಮಗ ವಿಮಾನಕ್ಕೆ ಬಾಂಬು ಇಟ್ಟಾನಂತ ಎಂದ. ನನ್ನ ರೊಟ್ಟಿ, ನನ್ನ ಚಟ್ನಿ, ನನ್ನ ಕಟ್ಟೆ, ಮಾತು ಮಾತ್ರ ಅವನದು.

ಅಮೀರನಿಗೆ ಕೇಳಿಸಿತು. ಎದ್ದು ಚೀಲದ ಬಾಯಿ ಕಟ್ಟತೊಡಗಿದ.

ಅನೀಲ, ನಾನು ಬೆಳ್ಳಂಬೆಳಗು ತಾಯಿಯ ಗುಡಿಯಲ್ಲಿ ನಿಂತು ನನ್ನ ತಮ್ಮನ ಹೆಸರು ಹೊರಗೆ ಬರದಿರಲಿ ಎಂದು ಬೇಡಿಕೊಂಡು ಬಂದವಳು. ಅದೇ ನಾನು ತಾಟು ಕೆಳಗಿಟ್ಟು, ಎಲ್ಲರ ಮುಂದೆ ಹೇಳಿದೆ. "ಅದು ಬಾಂಬಲ್ಲ, ತಾಯಿತ ಅಲ್ಲ. ನನ್ನ ತಮ್ಮನ ಗುಂಡಗಡಗಿ. ದಾರ ಕಟ್ಟಿದಾಕಿ ನಾನು. ಅಂವ ಬಾಯಿ ಮುಚ್ಚಿಕೊಂಡು ಕುಂತಾನ, ಮುಚ್ಚಿಸಿದಾಕಿನೂ ನಾನ."

ಯಾರೂ ಉಣ್ಣಲಿಲ್ಲ, ಯಾರೂ ಏಳಲಿಲ್ಲ. ಅಮೀರ ನನ್ನನ್ನು ಬೈಯಲಿ ಎಂದು ನಿಂತೇ ಇದ್ದೆ. ಅವನು ಬೈಯಲಿಲ್ಲ. "ಹಂಗಾರ ಅನೀಲಪ್ಪಗ ಲಗೂನ ಹೇಳಾಕ ಹೇಳವ್ವಾ," ಎಂದಷ್ಟೇ ಹೇಳಿ ಗೋಡೆಗೆ ಒರಗಿದ. ಆಮೇಲೆ ನೀರು ಕೇಳಿದ.

ನನ್ನ ಹಿಂದಿನ ಕಾಗದ ನಿನ್ನ ಹತ್ತಿರ ಇದ್ದರೆ ಅದನ್ನು ಒಲೆಗೆ ಹಾಕು. ನನ್ನ ಆಣೆ ವಾಪಸು ತೆಗೆದುಕೊಂಡಿದ್ದೇನೆ. ಹೋಗಿ ಹೇಳು. ಬಟ್ಟೆ ನನ್ನ ಸೀರೆಯದು ಎಂದು ಹೇಳು. ಆ ಸೀರೆ ನನ್ನ ಹತ್ತಿರ ಇದೆ, ಸೆರಗಿನಲ್ಲಿ ಕತ್ತರಿಸಿದ ಜಾಗ ಹಾಗೇ ಇದೆ. ಬೇಕಾದರೆ ನಾನೇ ತಂದು ತೋರಿಸುತ್ತೇನೆ ಎನ್ನು.

ನನಗೆ ಬಹಳ ಅಂಜಿಕೆಯಾಗುತ್ತಿದೆ. ಆದರೂ ಹೋಗು.

ನಿನ್ನ ಅಕ್ಕ


ಮರೋಳ, ಮುಂಬೈ
6 ಡಿಸೆಂಬರ್ 2024

ಅಕ್ಕನಿಗೆ ಶರಣು.

ನಿನ್ನ ಕಾಗದ ಬಂತು. ಕರೀಮಸಾಬ ಬಸ್ಸು ನಿಲ್ಲಿಸಿ ಕಾಯುತ್ತಿದ್ದಾನೆ, ಅವನ ಸೀಟಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಪಾಳಿಗೆ ಹೋಗುವುದಿಲ್ಲ. ಸೀದಾ ಭದ್ರತೆಯವರ ಬಾಗಿಲಿಗೆ ಹೋಗುತ್ತೇನೆ. ಗುರುಶಾಂತನಿಗೆ ಹೇಗೋ ಸುಳಿವು ಸಿಕ್ಕಿದೆ. ಇವತ್ತು ನನ್ನ ಫೋನ್ ಇಸಿದುಕೊಂಡು ವಾಪಸು ಕೊಡಲಿಲ್ಲ. ಹಾಜರಿಯಲ್ಲಿ ನನ್ನ ಹೆಸರು ಕೂಗಲಿಲ್ಲ. ಕೂಗಲಿಲ್ಲ ಯಾಕೆ ಎಂದು ಕೇಳಿದರೆ ನಕ್ಕ. ಆ ನಗೆ ನನಗೆ ಇನ್ನೂ ಅರ್ಥವಾಗಿಲ್ಲ, ಅದಕ್ಕೇ ಹೆಚ್ಚು ಅಂಜಿಕೆ.

ಮೆಹಬೂಬನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. 

ಸ್ವಾಮಿಗಳು ಬೇರೆ ಲಿಂಗ ಕಟ್ಟುತ್ತೇನೆ ಎಂದಿದ್ದರೆ ತೆಗೆದಿಡು. ಎಳ್ಳ ಅಮಾವಾಸ್ಯೆಗೆ ಬರುತ್ತೇನೆ. ಬಜ್ಜಿ, ಸಜ್ಜೆಯ ಕಡಬು ಮಾಡು, ಅಂದು ನಿನ್ನ ಕೈಯಿಂದಲೇ ಊಟ ಮಾಡುತ್ತೇನೆ.

ಅನೀಲ


ಘತ್ತರಗಿ
14 ಡಿಸೆಂಬರ್ 2024

ತಮ್ಮ ಅನೀಲನಿಗೆ ಅಕ್ಕನ ಆಶೀರ್ವಾದ.

ಮೆಹಬೂಬ ಬಂದಿದ್ದಾನೆ. ಕರೀಮಸಾಬನ ಬಸ್ಸಿನಿಂದ ಅವನೊಬ್ಬನೇ ಇಳಿದ. ಅವನ ಹಿಂದೆ ನೀನು ಇಳಿಯುತ್ತೀ ಎಂದು ಬಾಗಿಲನ್ನೇ ನೋಡುತ್ತ ನಿಂತಿದ್ದೆ. ಕರೀಮಸಾಬ ಬಾಗಿಲು ಹಾಕಿದ.

ಹುಡುಗ ಅರ್ಧ ಆಗಿದ್ದಾನೆ. ಯಾರಾದರೂ ತಾಟು ಕೆಳಗಿಟ್ಟರೂ ಬೆಚ್ಚುತ್ತಾನೆ. ಒಲೆಯ ಮುಂದೆ ಸಣ್ಣವನಿದ್ದಾಗ ಕೂಡುತ್ತಿದ್ದ ಜಾಗದಲ್ಲೇ ಕೂತ. ನಾನು ರೊಟ್ಟಿ ಕೊಟ್ಟೆ, ಕೈಯಲ್ಲಿ ಹಿಡಿದೇ ಇದ್ದ. ಅನೀಲ ಎಲ್ಲಿ ಎಂದು ನಾನು ಕೇಳುವ ಮೊದಲೇ ಅವನೇ ಹೇಳಿದ.

ನೀನು ಬಂದು ಹೇಳಿದ ಮೇಲೆ ಇಬ್ಬರನ್ನೂ ಎದುರು ಬದುರು ತಂದರಂತೆ, ನಡುವೆ ಗಾಜು. ನಿನ್ನನ್ನು ನಂಬದೆ, ನಿನ್ನದಾದರೆ ಅದನ್ನು ಏನು ಮಾಡುತ್ತೀ, ತೋರಿಸು ಎಂದರಂತೆ. ನೀನು ಎಡಗೈ ಚಾಚಿ ಅಂಗೈಯಲ್ಲಿ ಲಿಂಗ ಇದ್ದಂತೆ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿ, ಇಲ್ಲದ ಹೂವು ಇಟ್ಟು, ಕಣ್ಣು ಮುಚ್ಚಿ ನಿಂತಿದ್ದೆಯಂತೆ. ಅಂಗೈ ಖಾಲಿ ಇತ್ತು, ಸಾಹೇಬರು ನಗಲಿಲ್ಲ ಅಕ್ಕಾರ ಎಂದ. ಅವತ್ತೇ ಸಂಜೆ ಅವನ ಪಾಸು ಕತ್ತರಿಸಿ ಹೊರಗೆ ಬಿಟ್ಟರು. ನಿನ್ನನ್ನು ಬಿಡಲಿಲ್ಲ.

ಮೊದಲ ದಿನವೇ ನೀನು ಹೇಳಬಹುದಿತ್ತಲ್ಲೋ ಮಗನೇ, ಇಷ್ಟು ಏಟು ಯಾಕೆ ತಿಂದೆ ಎಂದು ಕೇಳಿದೆ. ಅವನು ರೊಟ್ಟಿ ಕೆಳಗಿಟ್ಟ.

"ನಾ ಹೇಳಿದ್ರ, ತಾ ಉಳಿಯಾಕ ಅನೀಲನ ಹೆಸರು ಹೇಳ್ಯಾನ ಅಂತಿದ್ರು. ಅಂವನ ಬಾಯಿಂದ ಬರ್ಲಿ ಅಂತ ಕಾಯ್ದೆ ಅಕ್ಕಾರ. ದಿನಾ ಬಾಗಿಲು ತಗದಾಗೊಮ್ಮಿ ಅಂವನ ಬಂದಾನ ಅಂತ ತಿಳೀತಿದ್ದೆ."

ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಬರೆದಿದ್ದೇನೆ. ಈ ಮಾತಿನ ಅರ್ಧ ನಿನಗೆ, ಅರ್ಧ ನನಗೆ.

ಈಗ ನಿನ್ನ ಸುದ್ದಿ ಯಾರೂ ಹೇಳುತ್ತಿಲ್ಲ. ಮೆಹಬೂಬನ ಫೋನಿನಲ್ಲಿದ್ದ ಪಾಸಿನ ಫೋಟೋ ನೋಡಿ, ಅದರ ಮೇಲಿದ್ದ ಗುತ್ತಿಗೆ ಕಂಪನಿಗೆ ಫೋನ್ ಹಚ್ಚಿಸಿದೆ. ಆ ಹೆಸರಿನವರು ನಮ್ಮಲ್ಲಿ ಯಾರೂ ಕೆಲಸ ಮಾಡಿಲ್ಲ ಎಂದರು. ವಿಮಾನ ಕಂಪನಿಯವರೂ ಅದೇ ಅಂದರು. ಗುರುಶಾಂತನಿಗೆ ಹಚ್ಚಿದರೆ, "ಯಾವ ಅನೀಲ? ನನಗ ಗೊತ್ತಿಲ್ರಿ," ಎಂದು ಇಟ್ಟ. ಹಾಜರಿಯಲ್ಲಿ ನಿನ್ನ ಹೆಸರು ಕೂಗದೆ ನಕ್ಕನಲ್ಲ, ಆ ನಗೆಯ ಅರ್ಥ ನನಗೆ ಈಗ ಆಯಿತು. ಚಂದ್ರಾಮ ಕಾಕಾ ಮಾತ್ರ ಅತ್ತ. ಆದರೆ ಸಾಕ್ಷಿ ಹೇಳಲು ಬಾ ಎಂದಾಗ, ಮುಂದಿನ ತಿಂಗಳು ಪಾಸು ಹೊಸದು ಮಾಡಿಸಬೇಕವ್ವಾ ಎಂದ. ಕೆಲಸದವನಲ್ಲ ಎಂದ ಮೇಲೆ ನೀನು ಆ ವಿಮಾನದ ಹೊಟ್ಟೆಯೊಳಗೆ ಹೊಕ್ಕ ಯಾರೋ ಆಗಿಬಿಡುತ್ತೀ. ನನ್ನ ತಮ್ಮನನ್ನು ಕಳ್ಳನಿಗಿಂತ ಕಡೆ ಮಾಡುತ್ತಿದ್ದಾರೆ.

ನೀನು ಅಲ್ಲಿ ಕೆಲಸ ಮಾಡಿದ್ದೆ ಎಂದು ಹೇಳಬಲ್ಲವನು ಈಗ ಮೆಹಬೂಬನೊಬ್ಬನೇ ಉಳಿದಿದ್ದಾನೆ. ಯಾವ ಬಾಯಿಯಿಂದ ಅವನನ್ನು ಕೇಳಲಿ? ಅವನು ಹೋಗಲಿ, ನೀನು ಉಳಿ ಎಂದು ಈ ಕೈಯಿಂದಲೇ ಬರೆದವಳು ನಾನು. ಆ ಕಾಗದದ ಮಾತನ್ನೂ ಅವನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ, ಸಾಕ್ಷಿ ಹೇಳಲು ಬರುತ್ತೀಯಾ ಎಂದು ಕೇಳಿದೆ. ಸುದ್ದಿ ಕೇಳಿ ಬಂದಿದ್ದ ಅಮೀರ ಮಗನ ಮುಖ ನೋಡಲಿಲ್ಲ, ನೆಲ ನೋಡುತ್ತ ಕೂತ.

 ಹುಡುಗ ಕೆಳಗಿಟ್ಟಿದ್ದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ.

"ಬರ್ತೇನಿ ಅಕ್ಕಾರ. ಆದ್ರ ಆ ಬಾಗಿಲ ಒಳಗ ನಾ ಒಬ್ಬನ ಹೋಗಂಗಿಲ್ಲ. ನೀವು ನನ್ನ ಕೈ ಹಿಡ್ಕೊಂಡ ಬರಬೇಕು."

ಈ ಕಾಗದವನ್ನು ಕರೀಮಸಾಬನ ಕೈಗೆ ಕೊಡಲು ಹೋದೆ. ಅಲ್ಲಿ ಯಾರಿಗೆ ಮುಟ್ಟಿಸಲಿ ಎಂದು ಕೇಳಿದ.  ಅದಕ್ಕೇ ನಾನೇ ತರುತ್ತಿದ್ದೇನೆ. ಖಾನಾವಳಿಗೆ ಕೀಲಿ ಹಾಕಿದ್ದೇನೆ. ಚೀಲದಲ್ಲಿ ಹಸಿರು ಸೀರೆ ಇದೆ, ಸ್ವಾಮಿಗಳು ಕೊಟ್ಟ ಹೊಸ ಲಿಂಗವಿದೆ, ಮಠದ ದಾರವಿದೆ. ಬಸ್ಸಿನಲ್ಲಿ ಮೆಹಬೂಬ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ. ಇನ್ನೂ ಅಫಜಲಪುರ ದಾಟಿಲ್ಲ, ಅವನು ಆಗಲೇ ನನ್ನ ಕೈ ಹಿಡಿದಿದ್ದಾನೆ. 

ಶಿವಕಾಂತಾ